ಕರಿ ಎರಡರಿಂದ ಬಿಳಿ ಒಂದಕ್ಕೆ

ಮೈಕ್ ಆನ್ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದು ಇಟ್ಟುಕೊಂಡರೆ ಬರೆಯುತ್ತ ಬರೆಯುತ್ತ ನನಗೆ ಬೇಕಾದ ಹಾಗೆ ತಿರುಚಿಬಿಡುತ್ತೇನೆ.

ನಮ್ಮದು ಕಾಪು. ಕಡಲ ಬದಿಯಲ್ಲೇ ಭಜನಾ ಮಂದಿರ. ನಮ್ಮ ಕಡೆ ಮೀನು ಹಿಡಿಯುವವರ ಪ್ರತಿ ಊರಿಗೂ ಒಂದು ಮಂದಿರ ಇರುತ್ತದೆ. ಶನಿವಾರ ಸಂಜೆ ದೀಪ ಹಚ್ಚಿ ಒಂದೂವರೆ ಗಂಟೆ ಭಜನೆ. ಹೆಂಚಿನ ಮಾಡಿನ ಮೇಲೆ ಎರಡು ಹಾರ್ನ್ ಸ್ಪೀಕರ್. ಒಂದರ ಬಾಯಿ ಕಡಲಿಗೆ, ಇನ್ನೊಂದರದ್ದು ಮನೆಗಳಿಗೆ. ಬಾರದವರು ಮನೆಯಲ್ಲೇ ಕೂತು ಕೇಳುತ್ತಾರೆ. ಯಾರ ಸ್ವರ ಒಡೆಯಿತು, ಯಾರು ತಾಳ ತಪ್ಪಿದರು ಎಂದು ಮರುದಿನ ಎಲ್ಲರಿಗೂ ಗೊತ್ತಿರುತ್ತದೆ.

ನಾನು ಆ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವವನು. ನಾವು ಅದಕ್ಕೆ ಪೆಟ್ಟಿಗೆ ಅನ್ನುತ್ತೇವೆ. ಹೊಟ್ಟೆಪಾಡಿಗೆ ಟೆಂಪೋ ಓಡಿಸುತ್ತೇನೆ. ಮಲ್ಪೆಯಲ್ಲಿ ಮೀನು ತುಂಬಿಸಿ ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೆ, ಅಲ್ಲಿಂದ ಬಜಗೋಳಿಗೆ. ಶಾಲೆ ಒಂಬತ್ತನೇ ಕ್ಲಾಸಿಗೆ ಬಿಟ್ಟೆ. ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ಕೂತು ಕಲಿಯುವುದೆಂದರೆ ನನಗೆ ಆಗುತ್ತಿರಲಿಲ್ಲ.

ಪೆಟ್ಟಿಗೆಯನ್ನೂ ಹಾಗೇ ಕಲಿತೆ, ಕೂತು ಕಲಿಯದೆ. ನನಗಿಂತ ಮೊದಲು ಅದನ್ನು ನುಡಿಸುತ್ತಿದ್ದವ ನಮ್ಮ ಪಕ್ಕದ ಮನೆಯ ಅಣ್ಣ. ಅವನಿಗೆ ಗಲ್ಫಿನಲ್ಲಿ ಕೆಲಸವಾಯಿತು. ಹೊರಡಲು ಇಪ್ಪತ್ತು ದಿನ ಇತ್ತು. ಮಂದಿರಕ್ಕೆ ಯಾರಾದರೂ ಬೇಕಲ್ಲ, ನನ್ನನ್ನು ಹಿಡಿದು ಕೂರಿಸಿದ. ತನ್ನ ತಂಗಿಯ ಉಗುರಿನ ಬಣ್ಣ ತಂದು ಕೀಗಳ ಮೇಲೆ ಕೆಂಪು ಚುಕ್ಕೆ ಇಟ್ಟ.

"ಈ ಕೆಂಪಿನ ಮೇಲೆಯೇ ಕೈ ಇರ್ಬೇಕು. ಕೆಂಪು ಬಿಟ್ಟು ಹೋದ್ಯಾ, ಹೊಂಡಕ್ಕೆ ಬಿದ್ದಿ."

ಕೆಲವು ಹಾಡುಗಳಿಗೆ ಕೆಂಪಿನ ಪಕ್ಕದ ಕೀ ಬೇಕಾಗುತ್ತಿತ್ತು. ಅವಕ್ಕೆ ಹಸಿರು ಚುಕ್ಕೆ. ಮೊದಲನೆಯ ಕೆಂಪು ಚುಕ್ಕೆ ಇದ್ದದ್ದು ಎರಡನೆಯ ಕರಿ ಕೀಯ ಮೇಲೆ. ಪೆಟ್ಟಿಗೆಯವರು ಅದಕ್ಕೆ ಕರಿ ಎರಡು ಅನ್ನುತ್ತಾರೆ. ಅವನ ಗಂಟಲಿಗೆ ಆ ಶ್ರುತಿ ಹೊಂದುತ್ತಿತ್ತು, ಹಾಗಾಗಿ ಅಲ್ಲಿಂದ ಶುರು. ಯಾಕೆ ಅಲ್ಲಿಂದ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಯಾವ ಚುಕ್ಕೆಯ ಮೇಲೆ ಯಾವ ಬೆರಳು ಎಂದು ಒಂದೊಂದೇ ಹಾಡು ಬಾಯಿಪಾಠ ಮಾಡಿದ ಹಾಗೆ ಕೈಪಾಠ ಮಾಡಿದೆ. ಅವನು ವಿಮಾನ ಹತ್ತಿದ. ನಾನು ನುಡಿಸುವವನಾದೆ. ಎರಡು ವರ್ಷದಲ್ಲಿ ನಲವತ್ತು ಹಾಡು ಬರುತ್ತಿತ್ತು. ಊರಿನವರು "ಹುಡುಗನಿಗೆ ದೇವರು ಕೊಟ್ಟ ಕೈ" ಅಂದರು. ನಾನೂ ನಂಬಿದೆ.

ಮಂದಿರದಲ್ಲಿ ಹಾಡು ಎತ್ತುತ್ತಿದ್ದವರು ಒಬ್ಬ ಅಜ್ಜ. ನನ್ನ ಸ್ವಂತ ಅಜ್ಜ ಅಲ್ಲ, ಊರಿಗೇ ಅಜ್ಜ. ಪ್ರಾಯದಲ್ಲಿ ದಡದಲ್ಲಿ ನಿಂತು ರಂಪಣಿ ಬಲೆ ಎಳೆದವರು. ಮಂದಿರಕ್ಕೆ ಪೆಟ್ಟಿಗೆ ಬರುವ ಮೊದಲಿಂದಲೂ ಅವರೇ ಹಾಡು ಎತ್ತುವುದು, ಉಳಿದವರು ಹಿಂದಿನಿಂದ ಹೇಳುವುದು. ಎಪ್ಪತ್ತು ದಾಟಿತ್ತು. ಹಾಡುವಾಗ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ಹಾಡುವವರಿಗೆ ಹಾಗೇ ಆಗುತ್ತದೆ ಅಂದುಕೊಂಡಿದ್ದೆ.

ಇನ್ನೊಂದು ನೋಡಿದ್ದೆ. ಅವರು ಒಂದೇ ಸಾಲನ್ನು ಮೂರು ಸಲ, ನಾಲ್ಕು ಸಲ ಹೇಳುತ್ತಿದ್ದರು. ಭಜನೆಯಲ್ಲಿ ಎರಡು ಸಲ ಹೇಳುವುದು ವಾಡಿಕೆ. ಇವರು ನಾಲ್ಕು. ಮುಂದಿನ ಸಾಲು ಮರೆಯುತ್ತದೆ ಎಂದು ನಾನು ತೀರ್ಮಾನಿಸಿದೆ. ತಬಲದವನಿಗೆ ಕಣ್ಣು ಹೊಡೆದು ಹೇಳುತ್ತಿದ್ದೆ, "ಅಜ್ಜನ ಕ್ಯಾಸೆಟ್ ಸಿಕ್ಕಿಹಾಕ್ಕೊಂಡಿತು ಮಾರಾಯ." ಅವನು ನಗುತ್ತಿದ್ದ. ಅಜ್ಜನಿಗೆ ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಎರಡು ಮೊಳ ದೂರದಲ್ಲಿ ಕೂರುತ್ತಿದ್ದರು. ಕೇಳಿಸಿರಬೇಕು.

ಆ ಶನಿವಾರ ಅಜ್ಜ ಒಂದು ವಾರದ ಜ್ವರ ಬಿಟ್ಟು ಎದ್ದು ಬಂದಿದ್ದರು. ಮೊದಲ ಹಾಡು ಎತ್ತಿದರು, ಮೇಲೆ ಹೋಗುವಲ್ಲಿ ಸ್ವರ ಸಿಗಲಿಲ್ಲ. ಕೆಮ್ಮಿದರು. ಆಮೇಲೆ ಮೈಕಿನಿಂದ ಮುಖ ತಿರುಗಿಸಿ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು.

"ಮಗಾ, ಇವತ್ತು ಸ್ವಲ್ಪ ಇಳಿಸು. ಬಿಳಿ ಒಂದಕ್ಕೆ ಹಾಕು."

ಬಿಳಿ ಒಂದರ ಮೇಲೂ ಒಂದು ಕೆಂಪು ಚುಕ್ಕೆ ಇತ್ತು. ಆದರೆ ಅದು ನನಗೆ ಆರನೆಯ ಚುಕ್ಕೆ. ಅಲ್ಲಿಂದ ಶುರು ಮಾಡಿದರೆ ಮುಂದೆ ಯಾವುದು, ಅದರ ಮುಂದೆ ಯಾವುದು, ನನಗೆ ಗೊತ್ತೇ ಇಲ್ಲ. "ನನಗೆ ಬರುದಿಲ್ಲ ಅಜ್ಜ" ಎಂದರೆ ಮುಗಿಯುತ್ತಿತ್ತು. ಅವರು ಮೆಲ್ಲಗೆ ಕೇಳಿದ್ದರು, ನಾನೂ ಮೆಲ್ಲಗೆ ಹೇಳಬಹುದಿತ್ತು. ನಾನು ನೇರ ಮಾತಾಡುವವನು ಎಂದು ನನಗೆ ಹೆಮ್ಮೆ ಇತ್ತು. ನೇರವಾಗಿ ಇದನ್ನು ಹೇಳಿದೆ:

"ಪೆಟ್ಟಿಗೆಗೆ ಎಂತ ಆಗಿಲ್ಲ ಅಜ್ಜ, ಅದು ಸರಿಯೇ ಉಂಟು. ನಿಮ್ಮ ಗಂಟಲು ಹೋಗಿದೆ. ವಯಸ್ಸಾಯ್ತಲ್ಲ, ಇನ್ನು ತಾಳ ಹಿಡ್ಕೊಂಡು ಕೂತ್ಕೊಳ್ಳಿ."

ಪೆಟ್ಟಿಗೆಯ ಮುಂದೆಯೂ ಒಂದು ಮೈಕ್ ಇರುತ್ತದೆ. ನನ್ನ ಮಾತು ಮಾಡಿನ ಮೇಲಿಂದ ನನಗೇ ವಾಪಸ್ ಕೇಳಿಸಿತು. ತಾಳ ಹಿಡ್ಕೊಂಡು ಕೂತ್ಕೊಳ್ಳಿ. ಹೊರಗೆ ಯಾರೋ ನಕ್ಕರು. ಒಳಗೆ ಯಾರೂ ನಗಲಿಲ್ಲ. ಅಜ್ಜ ಆ ಹಾಡನ್ನು ಕರಿ ಎರಡರಲ್ಲೇ ಮುಗಿಸಿದರು, ಹೇಗೋ. ಮುಗಿಸಿ ಎದ್ದರು. ದೀಪಕ್ಕೆ ಕೈಮುಗಿದು ಹೋದರು.

ಮರು ಶನಿವಾರ ಬರಲಿಲ್ಲ. ಅದರ ಮರು ಶನಿವಾರವೂ ಇಲ್ಲ. ಯಾರೂ ನನಗೆ ಬೈಯಲಿಲ್ಲ. ಹಾಡು ಎತ್ತಲು ಪ್ರಾಯದವರು ಇದ್ದರು. ಅವರ ಗಂಟಲು ಕರಿ ಎರಡಕ್ಕೆ ಹೋಗುತ್ತಿತ್ತು. ನನಗೆ ಹಾಯೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಆದದ್ದು. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಆಗಲಿಲ್ಲ.

ನಾನು ಪಾಠಕ್ಕೆ ಹೋದದ್ದೂ ಅಜ್ಜನಿಗಾಗಿ ಅಲ್ಲ. ನನ್ನ ಮಾನ ಹೋದ ಕಾರಣಕ್ಕೆ.

ಮಂದಿರದ ವಾರ್ಷಿಕ ಭಜನೆಗೆ ಬೇರೆ ಊರಿನ ತಂಡಗಳೂ ಬರುತ್ತವೆ. ಕಲ್ಯಾಣಪುರದ ಕಡೆಯಿಂದ ಹೆಂಗಸರ ಒಂದು ತಂಡ ಬಂತು. ಅವರ ಪೆಟ್ಟಿಗೆಯವಳಿಗೆ ಹುಷಾರಿರಲಿಲ್ಲ. "ಅಣ್ಣ, ನೀವೇ ನುಡಿಸಿ. ನಮ್ಮದು ಬಿಳಿ ಐದು" ಅಂದರು. ಮಂದಿರದ ಅಧ್ಯಕ್ಷರು ನನ್ನ ಬೆನ್ನು ತಟ್ಟಿ "ನಮ್ಮವ ಎಂತದ್ದೂ ನುಡಿಸ್ತಾನೆ" ಅಂದರು. ಬಿಳಿ ಐದರ ಮೇಲೆ ಕೆಂಪು ಚುಕ್ಕೆ ಇತ್ತು, ಮೂರನೆಯದ್ದು. ಅಲ್ಲಿಂದ ಶುರು ಮಾಡಿ ಕೆಂಪಿನ ಮೇಲೆಯೇ ಹೋದರೆ ಆಯಿತಲ್ಲ ಅಂದುಕೊಂಡೆ. ಹಾಡು ಕೃಷ್ಣ ಬೆಣ್ಣೆ ಕದಿಯುವುದು. ಹೆಂಗಸರು ಕುಣಿಯುವ ಹಾಗೆ ಎತ್ತಿದರು. ನನ್ನ ಪೆಟ್ಟಿಗೆಯಿಂದ ಬಂದದ್ದು ಅಳುವ ಸ್ವರ. ಅವರದ್ದು ಒಂದು ಕಡೆ, ನನ್ನದು ಒಂದು ಕಡೆ. ಎರಡು ಸಾಲು ಹೋಗಿ ನಿಲ್ಲಿಸಿದರು. ಮುಂದೆ ಕೂತಿದ್ದ ಅಕ್ಕ ಬಾಯಿಗೆ ಸೆರಗು ಹಿಡಿದು ಅಂದಳು:

"ಅಣ್ಣ, ನಮ್ಮ ಕೃಷ್ಣ ಬೆಣ್ಣೆ ತಿಂದದ್ದು. ನಿಮ್ಮವ ಸತ್ತೇ ಹೋದ ಹಾಗೆ ಉಂಟಲ್ಲ!"

ಮಂದಿರ ಇಡೀ ನಕ್ಕಿತು. ನಾನು "ಪೆಟ್ಟಿಗೆಯ ಒಳಗೆ ರೀಡ್ ಹೋಗಿದೆ" ಅಂದೆ. ಹೆಂಗಸರು ಪೆಟ್ಟಿಗೆ ಇಲ್ಲದೆ ಹಾಡಿ ಹೋದರು. ಚೆನ್ನಾಗಿಯೇ ಹಾಡಿದರು.

ರೀಡ್ ಹೋಗಿದೆ ಎಂದ ಮೇಲೆ ರಿಪೇರಿ ಮಾಡಿಸಬೇಕಲ್ಲ. ಅಧ್ಯಕ್ಷರು ನನ್ನ ಟೆಂಪೋದಲ್ಲೇ ಪೆಟ್ಟಿಗೆ ಹಾಕಿಸಿ ಉಡುಪಿಗೆ ಕಳಿಸಿದರು. ರಿಪೇರಿಯವರು ಮುದುಕರು. ಮುಚ್ಚಳ ತೆಗೆದು ಒಂದೊಂದೇ ಕೀ ಒತ್ತಿ ಕೇಳಿದರು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಕನ್ನಡಕ ಮೇಲೆ ಮಾಡಿ ಚುಕ್ಕೆಗಳನ್ನು ನೋಡಿದರು.

"ಇದು ಯಾರು ಹಾಕಿದ್ದು?"

"ಮೊದಲೇ ಇತ್ತು" ಅಂದೆ.

"ಚುಕ್ಕೆ ಇಲ್ಲದೆ ನುಡಿಸ್ಲಿಕ್ಕೆ ಬರ್ತದಾ ನಿನಗೆ?"

ಅವರು ಮುಚ್ಚಳ ಹಾಕಿ ಸ್ಕ್ರೂ ಬಿಗಿಸಿದರು. "ಪೆಟ್ಟಿಗೆಗೆ ಎಂತ ಆಗಿಲ್ಲ ಮಾರಾಯ, ಅದು ಸರಿಯೇ ಉಂಟು. ನೀನೊಮ್ಮೆ ಟೀಚರ ಹತ್ರ ಹೋಗು."

ನಾನು ಅಜ್ಜನಿಗೆ ಹೇಳಿದ ಮಾತಿನ ಮೊದಲ ಅರ್ಧ ಅದು. ಅಕ್ಷರ ಅಕ್ಷರ ಅದೇ. ಅಂಗಡಿಯ ಮೆಟ್ಟಿಲು ಇಳಿಯುವಾಗ ಪೆಟ್ಟಿಗೆ ಭಾರವಾಗಿತ್ತು.

ಅವರು ಹೇಳಿದ ಸಂಗೀತ ಟೀಚರ ಮನೆ ಮಣಿಪಾಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿ. ನನಗೆ ದಾರಿಯಲ್ಲೇ. ಬುಧವಾರ ಸಂಜೆ ನಾಲ್ಕಕ್ಕೆ ಮಾಳಿಗೆಯಲ್ಲಿ ಪಾಠ. ಕಾರ್ಕಳದಿಂದ ಬರುವಾಗ ಹಿರಿಯಡಕದ ಹತ್ತಿರ ಟೆಂಪೋ ನಿಲ್ಲಿಸಿ, ಪಂಪಿನ ನೀರಿನಲ್ಲಿ ಮೊಣಕೈವರೆಗೆ ಸಾಬೂನು ಹಾಕಿ ತಿಕ್ಕುತ್ತಿದ್ದೆ. ಮೀನಿನ ವಾಸನೆ ಆದರೂ ಹೋಗುವುದಿಲ್ಲ. ಮಾಳಿಗೆ ಹತ್ತಿದರೆ ಎಂಟು, ಒಂಬತ್ತು ವರ್ಷದ ಏಳು ಮಕ್ಕಳು. ನಾನು ಎಂಟನೆಯವ, ಗಡ್ಡ ಇದ್ದವ. ಮೊದಲ ದಿನ ಒಂದು ಮಗು ಮೂಗು ಮುಚ್ಚಿತು. ಟೀಚರ್ ನನ್ನನ್ನು ಕಿಟಕಿಯ ಬದಿಗೆ ಕೂರಿಸಿದರು. "ಅಲ್ಲಿ ಗಾಳಿ ಉಂಟು" ಅಂದರು. ಯಾರಿಗೆ ಗಾಳಿ ಎಂದು ನಾನು ಕೇಳಲಿಲ್ಲ.

ಒಂದು ತಿಂಗಳು ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಬರೇ ಬಾಯಲ್ಲಿ ಸ ರಿ ಗ ಮ. ನಾನು ಎರಡನೇ ವಾರವೇ ಕೇಳಿದೆ, "ಟೀಚರ್, ಈ ಮಕ್ಕಳಾಟ ಬೇಡ. ನನಗೆ ಬೇಕಾದ್ದು ಬೇರೆ ಶ್ರುತಿಯಲ್ಲಿ ನುಡಿಸುದು ಹೇಗೆ ಅಂತ. ಅದನ್ನು ಹೇಳಿಕೊಡಿ, ಸಾಕು."

"ಅದನ್ನೇ ಹೇಳಿಕೊಡುದು. ಕೂತ್ಕೊ" ಅಂದರು.

ತಿಂಗಳಾದ ಮೇಲೆ ಒಂದು ಬುಧವಾರ ತಮ್ಮ ಪೆಟ್ಟಿಗೆಯನ್ನು ನನ್ನ ಮುಂದೆ ಸರಿಸಿದರು. ಅದರಲ್ಲಿ ಚುಕ್ಕೆ ಇರಲಿಲ್ಲ.

"ಸ ತೋರಿಸು."

ನಾನು ಹುಡುಕಿ ಕರಿ ಎರಡರ ಮೇಲೆ ಬೆರಳಿಟ್ಟೆ.

"ಅದು ಕರಿ ಎರಡು. ನಾನು ಕೇಳಿದ್ದು ಸ."

"ಸ ಅಂದ್ರೆ ಇದೇ ಅಲ್ವಾ ಟೀಚರ್?"

ಮಕ್ಕಳು ಕಿಸಕ್ಕೆಂದು ನಕ್ಕವು. ಟೀಚರ್ ನಗಲಿಲ್ಲ. "ಪೆಟ್ಟಿಗೆ ಮುಚ್ಚು. ಹಾಡು" ಅಂದರು. ಅವರ ಹತ್ತಿರ ಒಂದು ಶ್ರುತಿ ಪೆಟ್ಟಿಗೆ ಇತ್ತು, ಕರೆಂಟಿನದ್ದು, ಒಂದೇ ಸಮ ಗುಂಯ್ ಅನ್ನುವುದು, ಅದಕ್ಕೆ ಸೇರಿಸಿ ಸ ಇಂದ ಮೇಲಿನ ಸ ವರೆಗೆ ಹೋಗಿ ಇಳಿದೆ. ಟೀಚರ್ ಅದರ ಗುಂಡಿ ತಿರುಗಿಸಿದರು. ಗುಂಯ್ ಕೆಳಗೆ ಹೋಯಿತು. "ಈಗ ಹಾಡು." ಹಾಡಿದೆ. ಇನ್ನೂ ತಿರುಗಿಸಿದರು. ಮತ್ತೆ ಹಾಡಿದೆ.

"ಎಂತ ಬದಲಾಯ್ತು?"

"ಎಂತ ಇಲ್ಲ. ಕೆಳಗೆ ಹೋಯ್ತು, ಅಷ್ಟೆ."

"ಸರಿಗಮ ತಪ್ಪಿತಾ?"

"ಇಲ್ಲ."

"ಗಂಟಲಿಗೆ ಯಾರು ಹೇಳಿಕೊಟ್ಟದ್ದು, ಎಲ್ಲಿಂದ ಎಲ್ಲಿಗೆ ಹಾರ್ಬೇಕು ಅಂತ?"

ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ಹೋಗಿತ್ತು.

"ಸ ಅಂದ್ರೆ ಒಂದು ಕೀ ಅಲ್ಲ. ಹಾಡುವವನಿಗೆ ಎಲ್ಲಿ ಹಿತವೋ ಅಲ್ಲಿ ಸ. ಉಳಿದದ್ದೆಲ್ಲ ಅದರಿಂದ ಎಷ್ಟೆಷ್ಟು ದೂರ ಅಂತ. ದೂರ ತಪ್ಪದಿದ್ರೆ ಹಾಡು ತಪ್ಪುದಿಲ್ಲ. ಗಂಟಲಿಗೆ ಇದು ಹುಟ್ಟಿನಿಂದ ಗೊತ್ತುಂಟು. ಬೆರಳಿಗೆ ಹೇಳಿಕೊಡ್ಬೇಕು."

ಹೆಂಗಸರ ಕೃಷ್ಣ ಯಾಕೆ ಸತ್ತ ಎಂದೂ ಅವತ್ತೇ ಗೊತ್ತಾಯಿತು. ನಾನು ಸ ಜಾಗ ಬದಲಾಯಿಸಿ ಚುಕ್ಕೆಗಳನ್ನು ಹಾಗೇ ಬಿಟ್ಟಿದ್ದೆ. ದೂರಗಳೆಲ್ಲ ಅಡಿಮೇಲಾಗಿ ಹಾಡು ಬೇರೆಯೇ ರಾಗಕ್ಕೆ ಹೋಗಿತ್ತು. ಟೀಚರ್ ದೂರ ಎಣಿಸುವುದನ್ನು ಮಕ್ಕಳಿಂದ ಹೇಳಿಸಿದರು. ಸ ಇಂದ ರಿಗೆ ನಡುವೆ ಒಂದು ಕೀ ಬಿಡಬೇಕು. ರಿ ಇಂದ ಗ, ಇನ್ನೊಂದು ಬಿಡಬೇಕು. ಗ ಇಂದ ಮ, ಬಿಡಬಾರದು, ಪಕ್ಕದ್ದೇ. ಆಮೇಲೆ ಮೂರು ಸಲ ಬಿಡುವುದು, ಕೊನೆಯದ್ದು ಪಕ್ಕದ್ದು. ಬಿಳಿಯೋ ಕರಿಯೋ ನೋಡಲಿಕ್ಕಿಲ್ಲ, ಎಲ್ಲವನ್ನೂ ಎಣಿಸಬೇಕು. ಇದು ಒಂದು ರಾಗದ ಲೆಕ್ಕ, ಬೇರೆ ರಾಗಕ್ಕೆ ಬೇರೆ. ಮಕ್ಕಳು ಮಗ್ಗಿಯ ಹಾಗೆ ಕೂಗಿದವು:

"ಬಿಟ್ಟು, ಬಿಟ್ಟು, ಬಿಡದೆ! ಬಿಟ್ಟು, ಬಿಟ್ಟು, ಬಿಟ್ಟು, ಬಿಡದೆ!"

ಕರಿ ಎರಡರಿಂದ ಎಣಿಸಿದೆ. ನನ್ನ ಕೆಂಪು ಚುಕ್ಕೆಗಳೇ ಬಂದವು, ಒಂದೂ ತಪ್ಪದೆ. ಎರಡು ವರ್ಷ ಅವುಗಳ ಮೇಲೆ ಕೈ ಇಟ್ಟಿದ್ದೆ, ಅವು ಅಲ್ಲೇ ಯಾಕೆ ಇವೆ ಎಂದು ಒಂದು ದಿನ ಯೋಚಿಸಿರಲಿಲ್ಲ.

"ಈಗ ಬಿಳಿ ಒಂದರಿಂದ ನೋಡು" ಅಂದರು ಟೀಚರ್.

ಬಿಟ್ಟು, ಬಿಟ್ಟು, ಬಿಡದೆ. ಬಿಳಿ ಒಂದು, ಬಿಳಿ ಎರಡು, ಬಿಳಿ ಮೂರು, ಬಿಳಿ ನಾಲ್ಕು. ಬಿಟ್ಟು, ಬಿಟ್ಟು, ಬಿಟ್ಟು, ಬಿಡದೆ. ಐದು, ಆರು, ಏಳು, ಮತ್ತೆ ಒಂದು. ಕರಿ ಬರಲೇ ಇಲ್ಲ. ಮತ್ತೆ ಎಣಿಸಿದೆ. ಎಲ್ಲ ಬಿಳಿ. ಎಡದಿಂದ ಬಲಕ್ಕೆ ಸಾಲಾಗಿ, ಒಂದರ ಪಕ್ಕ ಒಂದು.

"ಇದು ಎಲ್ಲದಕ್ಕಿಂತ ಸುಲಭದ್ದು" ಅಂದರು. "ಈ ಮಕ್ಕಳು ಮೊದಲ ದಿನ ನುಡಿಸಿದ್ದು ಇದನ್ನೇ."

ಅಜ್ಜ ಆ ದಿನ ನನ್ನ ಹತ್ತಿರ ದೊಡ್ಡದೇನೂ ಕೇಳಿರಲಿಲ್ಲ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಸುಲಭದ್ದನ್ನು ಕೇಳಿದ್ದರು. ಎಂಟು ವರ್ಷದ ಮಗು ಮೊದಲ ದಿನ ಕೊಡುವಂಥದ್ದು. ಅವರ ಗಂಟಲು ತನ್ನ ಸ ಎಲ್ಲಿ ಎಂದು ತಿಳಿದೇ ಕೇಳಿತ್ತು. ತಿಳಿಯದವನು ನಾನು. ಆದರೆ ನಾನು ಊರಿಗೆಲ್ಲ ಸಾರಿದ್ದು ಅವರ ಗಂಟಲು ಹೋಗಿದೆ ಎಂದು.

ಟೀಚರ್ "ಎಂತಾಯ್ತು?" ಅಂದರು. "ಎಂತ ಇಲ್ಲ" ಅಂದೆ.

ಆಮೇಲೆ ಒಂದೊಂದೇ ಹಾಡನ್ನು ಸ್ವರದಲ್ಲಿ ಬರೆಸಿದರು. ಹಾಡಿನ ಮಟ್ಟು ಅಂದರೆ ಏಳು ಮೆಟ್ಟಿಲ ಮೇಲೆ ಯಾರೋ ನಡೆದು ಹೋದ ಹೆಜ್ಜೆ, ಅದನ್ನು ಗುರುತು ಹಾಕು ಅಂದರು. ನನ್ನ ಅಕ್ಷರ ಕೋಳಿ ಕೆರೆದ ಹಾಗೆ. ಆದರೂ ಪ ದ ಪ ಮ ಗ ಎಂದು ಬರೆದೆ. ಟೆಂಪೋದಲ್ಲಿ ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತ ಬಿಟ್ಟು, ಬಿಟ್ಟು, ಬಿಡದೆ ಅನ್ನುತ್ತಿದ್ದೆ. ಮಂದಿರದಲ್ಲಿ ಮಾತ್ರ ಮೊದಲಿನ ಹಾಗೇ ಕರಿ ಎರಡು. ಕಲಿಯುತ್ತಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಬರುತ್ತಿರಲಿಲ್ಲ ಎಂದ ಹಾಗಾಯಿತಲ್ಲ.

ಬಜಗೋಳಿಯ ಪೇಟೆಯಲ್ಲಿ ಮೀನು ಮಾರುವ ಅಕ್ಕನಿಗೆ ನಾನು ಬಾಕ್ಸ್ ಇಳಿಸುತ್ತೇನೆ. ಒಂದು ದಿನ ಇಳಿಸುವಾಗ, ಮೀನು ಕೊಳ್ಳಲು ನಿಂತಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ನಲವತ್ತರ ಮೇಲಿನವಳು.

"ನೀನು ಕಾಪುವಿನವ ಅಲ್ವಾ? ಮಂದಿರದಲ್ಲಿ ಪೆಟ್ಟಿಗೆ ನುಡಿಸುವವ?"

ಹೌದು ಅಂದೆ. ಒಳಗೊಳಗೆ ಖುಷಿಯಾಯಿತು, ಇಲ್ಲಿಗೂ ಹೆಸರು ಬಂದಿದೆ ಎಂದು.

"ಅಪ್ಪ ಈಗ ನಮ್ಮಲ್ಲಿದ್ದಾರೆ" ಅಂದಳು. ಯಾವ ಅಪ್ಪ ಎಂದು ಕೇಳಬೇಕಾಗಲಿಲ್ಲ. ಮೂಗು ಅಜ್ಜನದ್ದೇ.

"ಹುಷಾರಿದ್ದಾರಾ?"

"ಊಟ ಮಾಡ್ತಾರೆ, ಮಲಗ್ತಾರೆ. ಅಣ್ಣನ ಮನೆ ಮಂದಿರದ ಹಿಂದೆಯೇ ಅಲ್ವಾ. ಶನಿವಾರ ಬಂದ್ರೆ ಕಿಟಕಿ ಎಲ್ಲ ಹಾಕ್ತಿದ್ರಂತೆ. ಕೊನೆಗೆ, ಆ ಮೈಕ್ ಕೇಳದ ಜಾಗಕ್ಕೆ ಕರ್ಕೊಂಡು ಹೋಗು ಅಂದ್ರು. ಕರ್ಕೊಂಡು ಬಂದೆ." ಆಮೇಲೆ ಅದೇ ಸ್ವರದಲ್ಲಿ ಮೀನಿನ ಅಕ್ಕನ ಕಡೆ ತಿರುಗಿ ಕೇಳಿದಳು, "ಬೂತಾಯಿ ಇವತ್ತಿನದ್ದಾ, ನಿನ್ನೆಯದ್ದಾ?"

ಬೈದಿದ್ದರೆ ಒಳ್ಳೆಯದಿತ್ತು. ಮನೆ ಎಲ್ಲಿ ಎಂದು ಕೇಳದೆ ಟೆಂಪೋ ಹತ್ತಿದೆ. ಮೂರು ವಾರ ಆ ಪೇಟೆಯಲ್ಲಿ ಬಾಕ್ಸ್ ಇಳಿಸಿದ್ದೇ, ತಲೆ ಎತ್ತದೆ ವಾಪಸ್. ನಾಲ್ಕನೇ ವಾರ ಮಂದಿರದ ಪೆಟ್ಟಿಗೆಗೆ ಗೋಣಿ ಸುತ್ತಿ, ಐಸಿನ ನೀರು ತಾಗದ ಹಾಗೆ ಮುಂದಿನ ಸೀಟಿನಲ್ಲಿಟ್ಟೆ. ಮನೆಯ ದಾರಿಯನ್ನು ಮೀನಿನ ಅಕ್ಕ ಹೇಳಿದಳು.

ಅಜ್ಜ ಮನೆಯ ಬದಿಯ ಅಲಸಂಡೆ ಸಾಲಿಗೆ ಹಳೆ ಬಲೆ ಕಟ್ಟುತ್ತಿದ್ದರು. ಅಲ್ಲಿ ನವಿಲು ಬಂದು ಎಲ್ಲ ತಿನ್ನುತ್ತದಂತೆ. ನನ್ನನ್ನು ನೋಡಿದರು. ಕೈ ನಿಲ್ಲಲಿಲ್ಲ.

"ಎಂತ ಮಗಾ, ಬಂಗುಡೆ ತಂದ್ಯಾ?"

ಮೀನಿನ ಟೆಂಪೋದಲ್ಲಿ ಬಂದವನು, ಒಂದು ಮೀನೂ ತಂದಿರಲಿಲ್ಲ. ಅದು ಆಗಲೇ ಹೊಳೆದದ್ದು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಹೋಯಿತು. ಉಳಿದದ್ದು ಇಷ್ಟು:

"ಬಿಳಿ ಒಂದು ಕಲ್ತೆ, ಅಜ್ಜ."

"ಹಾಂ."

"ಆ ದಿನ ನನಗೆ ಬರ್ತಿರ್ಲಿಲ್ಲ. ಅದಕ್ಕೇ ಹಾಗೆ ಹೇಳಿದ್ದು. ನಿಮ್ಮ ಗಂಟಲಿಗೆ ಎಂತ ಆಗಿರ್ಲಿಲ್ಲ."

"ಗೊತ್ತುಂಟು."

"ಎಂತ ಗೊತ್ತುಂಟು?"

"ನಿನಗೆ ಬರುದು ಒಂದೇ ಶ್ರುತಿ ಅಂತ. ನೀನು ಕೂತ ಎರಡನೇ ವಾರವೇ ಗೊತ್ತಾಯ್ತು. ಕೈ ನೋಡಿದ್ರೆ ತಿಳಿಯುದಿಲ್ವಾ? ಚುಕ್ಕೆ ಬಿಟ್ಟು ಕಾಲಿಡ್ಲಿಕ್ಕೆ ಹೆದರ್ತದೆ ಅದು. ಆ ದಿನ ಜ್ವರದಿಂದ ಎದ್ದು ಬಂದದ್ದಲ್ವಾ, ತಡೆಯದೆ ಬಾಯಿಗೆ ಬಂತು. ಕೇಳ್ಬಾರ್ದಿತ್ತು ನಾನು."

ಅವರು ಕೇಳಬಾರದಿತ್ತಂತೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ಹಾಗಾದ್ರೆ ಆಗಲೇ ಬೈಬೇಕಿತ್ತಲ್ಲ ಅಜ್ಜ! ಬರುದಿಲ್ಲ ನಿನಗೆ, ನನಗೆಂತ ಹೇಳ್ತಿ ಅಂತ ನಾಲ್ಕು ಜನರ ಎದುರೇ ಹೇಳ್ಬೇಕಿತ್ತು. ಯಾಕೆ ಹೇಳ್ಲಿಲ್ಲ?"

ಅಜ್ಜ ದಾರವನ್ನು ಹಲ್ಲಿನಿಂದ ಕಡಿದರು. ಗಂಟು ಎಳೆದು ನೋಡಿದರು.

"ಮೈಕ್ ಆನ್ ಇತ್ತಲ್ಲ" ಅಂದರು.

ಮಗಳು ಜಗಲಿಯಲ್ಲಿ ಚಾಪೆ ಹಾಸಿದಳು. ಪೆಟ್ಟಿಗೆ ಇಳಿಸಿದೆ. ಅಜ್ಜ ಬಹಳ ಹೊತ್ತು ಬೇಡ ಅಂದರು. ಆಮೇಲೆ ಕೈ ತೊಳೆದು ಬಂದು ಕೂತರು. ಬಿಳಿ ಒಂದು ಹಿಡಿದೆ. ಅಜ್ಜ ಕಣ್ಣು ಮುಚ್ಚಿ ಎತ್ತಿದರು. ಕುತ್ತಿಗೆಯ ನರ ಏಳಲಿಲ್ಲ.

ಎರಡನೇ ಸಾಲಿನಲ್ಲಿ ನನ್ನ ಬೆರಳು ಹಳೆಯ ಅಭ್ಯಾಸಕ್ಕೆ ಕರಿಗೆ ಹೋಯಿತು. ತಪ್ಪು ಸ್ವರ ಬಂತು. ತಡಕಾಡಿದೆ. ಅಜ್ಜ ಮುಂದಿನ ಸಾಲಿಗೆ ಹೋಗಲಿಲ್ಲ. ಅದೇ ಸಾಲನ್ನು ಮತ್ತೆ ಹೇಳಿದರು. ಮತ್ತೂ ತಪ್ಪಿದೆ. ಮೂರನೇ ಸಲ ಹೇಳಿದರು, ಏನೂ ಆಗದವರ ಹಾಗೆ, ಹಾಡೇ ಹಾಗಿದೆ ಅನ್ನುವ ಹಾಗೆ. ನಾಲ್ಕನೆಯ ಸಲ ನನಗೆ ಕೀ ಸಿಕ್ಕಿತು. ಸಿಕ್ಕಿದ ಕೂಡಲೇ ಮುಂದಿನ ಸಾಲಿಗೆ ಹೋದರು.

ತಿದಿ ಒತ್ತುತ್ತಿದ್ದ ಕೈ ನಿಂತಿತು. ಇವರು ಯಾವತ್ತೂ ಸಾಲು ಮರೆತದ್ದೇ ಅಲ್ಲ. ಎರಡು ವರ್ಷ, ಪ್ರತಿ ಶನಿವಾರ, ನನ್ನ ಬೆರಳು ಚುಕ್ಕೆ ಹುಡುಕುವವರೆಗೆ ಕಾಯುತ್ತಿದ್ದರು. ತಮಗೆ ಎಟುಕದ ಶ್ರುತಿಯಲ್ಲಿ ಗಂಟಲು ಹರಿದುಕೊಂಡು, ನನಗಾಗಿ ನಾಲ್ಕು ನಾಲ್ಕು ಸಲ. ನಾನು ತಬಲದವನಿಗೆ ಕಣ್ಣು ಹೊಡೆಯುತ್ತಿದ್ದೆ.

"ಎಂತ, ನಿಲ್ಲಿಸಿದ್ಯಾ?" ಅಂದರು ಅಜ್ಜ.

"ಮಂದಿರಕ್ಕೆ ಬನ್ನಿ ಅಜ್ಜ."

"ನೋಡುವ" ಅಂದರು. ನಮ್ಮ ಕಡೆ ನೋಡುವ ಅಂದರೆ ಹೆಚ್ಚಾಗಿ ಇಲ್ಲ ಎಂದೇ.

ಆ ಶನಿವಾರ ಮಂದಿರದಲ್ಲಿ ದೀಪ ಹಚ್ಚಿದ ಮೇಲೆ ಮೈಕಿಗೆ ಬೆರಳು ತಟ್ಟಿ ನೋಡಿದೆ. ಆನ್ ಇತ್ತು. "ಅಜ್ಜನ ಗಂಟಲು ಹೋಗಿದೆ ಅಂತ ನಾನು ಹೇಳಿದ್ದು ಸುಳ್ಳು. ಅವರು ಕೇಳಿದ ಶ್ರುತಿ ನನಗೆ ಬರ್ತಿರ್ಲಿಲ್ಲ. ಹೆಂಗಸರ ತಂಡ ಬಂದ ದಿನ ರೀಡ್ ಹೋಗಿದೆ ಅಂದದ್ದೂ ಸುಳ್ಳು" ಅಂದೆ. ಮಾಡಿನ ಮೇಲಿಂದ ಅದೂ ವಾಪಸ್ ಕೇಳಿಸಿತು. ಅಧ್ಯಕ್ಷರು "ಆಯ್ತು ಮಾರಾಯ, ಹೊತ್ತಾಗ್ತದೆ, ಗಣಪತಿದು ಎತ್ತು" ಅಂದರು. ದೊಡ್ಡದೇನೋ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ನಮ್ಮ ಮೈಕ್ ಬಜಗೋಳಿಗೆ ಕೇಳಿಸುವುದೂ ಇಲ್ಲ.

ಮನೆಗೆ ಹೋಗುವ ಮೊದಲು ಬ್ಲೇಡಿನಿಂದ ಚುಕ್ಕೆಗಳನ್ನು ಕೆರೆದೆ. ಬಣ್ಣ ಹೋಯಿತು, ಗೀರು ಉಳಿದಿದೆ.

ಯಾರೋ ಫೋನ್ ಮಾಡಿ ಹೇಳಿರಬೇಕು. ಐದು ವಾರ ಕಳೆದು ಒಂದು ಶನಿವಾರ ಅಜ್ಜ ಮಗಳ ಜೊತೆ ಬಸ್ಸಿನಲ್ಲಿ ಬಂದರು. ಎಲ್ಲರೂ ಎದ್ದು ಜಾಗ ಮಾಡಿದರು. ತಮ್ಮ ಹಳೆಯ ಜಾಗದಲ್ಲಿ ಕೂತು, ಮೈಕನ್ನು ಪಕ್ಕದವನ ಕಡೆ ತಿರುಗಿಸಿ, ತಾಳ ಕೈಗೆತ್ತಿಕೊಂಡರು.

"ನೀವು ಎತ್ತಿ ಅಜ್ಜ" ಅಂದೆ.

"ಇಲ್ಲ ಮಗಾ. ತಾಳ ಉಂಟಲ್ಲ, ಸಾಕು."

ಚುಚ್ಚಿ ಹೇಳಿದ್ದಲ್ಲ. ನಿಜವಾಗಿ ಸಾಕು ಎಂದೇ ಹೇಳಿದ್ದು. ಅದೇ ಹೆಚ್ಚು ನೋಯಿಸಿತು. ನಾನು ಬಿಳಿ ಒಂದು ಹಿಡಿದು ಅವರ ಹಾಡಿನ ಮೊದಲ ಸಾಲು ನುಡಿಸಿದೆ. ಯಾರೂ ಎತ್ತಲಿಲ್ಲ, ಅದು ಅವರದ್ದೇ ಹಾಡು ಎಂದು ಎಲ್ಲರಿಗೂ ಗೊತ್ತು. ಮತ್ತೆ ನುಡಿಸಿದೆ. ಅಜ್ಜ ತಾಳ ಹಾಕುತ್ತಿದ್ದರು, ಬಾಯಿ ಮುಚ್ಚಿತ್ತು. ಮೂರನೇ ಸಲ ಅದೇ ಸಾಲು. ನಾಲ್ಕನೇ ಸಲ ತಬಲದವನು ನನ್ನ ಕಡೆ ಬಾಗಿದ.

"ಎಂತ ಮಾರಾಯ, ನಿನ್ನ ಕ್ಯಾಸೆಟ್ ಸಿಕ್ಕಿಹಾಕ್ಕೊಂಡಿತಾ?"

ಮೈಕಿನಲ್ಲಿ ಹೋಯಿತು ಅದು. ಹೊರಗೆ ನಕ್ಕರು. ನಾನು ತಲೆ ಎತ್ತಲಿಲ್ಲ. ಅದೇ ಸಾಲನ್ನು ಮತ್ತೆ ನುಡಿಸಿದೆ.

ಐದನೇ ಸಲ ಅಜ್ಜ ಎತ್ತಿದರು. ಅರ್ಧಕ್ಕೆ ಸ್ವರ ಒಡೆಯಿತು. ಬಿಳಿ ಒಂದರಲ್ಲೂ ಒಡೆಯಿತು. ಜಗಲಿಯಲ್ಲಿ ಕೇಳಿದ್ದು ಒಂದೇ ಹಾಡು, ಅಲ್ಲಿ ಗೊತ್ತಾಗಿರಲಿಲ್ಲ. ಎರಡು ವರ್ಷ ಎತ್ತರಕ್ಕೆ ಎಳೆದದ್ದು, ಆಮೇಲೆ ಅಷ್ಟು ತಿಂಗಳು ಬಾಯಿ ಮುಚ್ಚಿ ಕೂತದ್ದು. ನಾನು ಸುಳ್ಳು ಹೇಳಿದ್ದೆ, ಈಗ ಅದು ಹೆಚ್ಚುಕಡಿಮೆ ನಿಜವಾಗಿದೆ. ಮೈಕಿನಲ್ಲಿ ತಪ್ಪೊಪ್ಪಿದರೆ ಅದು ಸರಿಯಾಗುವುದಿಲ್ಲ.

ಮುಂದಿನ ಸಾಲಿಗೆ ಹೋಗಲು ಅವರು ಉಸಿರು ಹುಡುಕುತ್ತಿದ್ದರು. ನಾನು ಅದೇ ಸಾಲನ್ನು ನುಡಿಸುತ್ತಲೇ ಇದ್ದೆ, ಹಾಡೇ ಹಾಗಿದೆ ಅನ್ನುವ ಹಾಗೆ.